ಕಡಲಿಗಿಳಿಯುವ ಮುನ್ನ ಆಕಾಶವನ್ನೂ ಓದಿ, ದಡವನ್ನೂ ಓದಿ

ಪರೀಕ್ಷೆಗಳು ಮುಗಿದು ರಜೆ ಆರಂಭವಾಯಿತೆಂದರೆ ಕೆಮ್ಮಣ್ಣಿನ ರಸ್ತೆಯಲ್ಲಿ ಹೊರಜಿಲ್ಲೆಗಳ ವಾಹನಗಳು ಸಾಲುಗಟ್ಟುತ್ತವೆ. ತೂಗುಸೇತುವೆಯ ಮೇಲೆ ನಿಂತು ಸ್ವರ್ಣೆಯನ್ನು ನೋಡಿ, ಅಲ್ಲಿಂದ ಹೂಡೆಯ ಕಡಲ ಕಿನಾರೆಗೆ, ಕೊನೆಗೆ ಕೋಡಿಬೆಂಗ್ರೆಯ ಅಳಿವೆಗೆ ಹೋಗಿ ಸೂರ್ಯಾಸ್ತ ನೋಡುವುದು ಪ್ರವಾಸಿಗರ ವಾಡಿಕೆ. ನಮ್ಮ ಮನೆಗಳಿಗೂ ಬೆಂಗಳೂರು, ಮುಂಬಯಿಗಳಿಂದ ನೆಂಟರಿಷ್ಟರು ಬರುತ್ತಾರೆ. ಬಂದ ಮಕ್ಕಳ ಮೊದಲ ಬೇಡಿಕೆಯೇ ಕಡಲು. ಮನೆಯ ಹಿರಿಯರು ಒಮ್ಮೆ ಆಕಾಶದ ಕಡೆ ನೋಡಿ, "ಮಳೆ ಇಲ್ಲವಲ್ಲ, ಹೋಗಿ ಬನ್ನಿ" ಎಂದು ಅಪ್ಪಣೆ ಕೊಡುತ್ತಾರೆ. ಅಪಾಯದ ಮೊದಲ ಹೆಜ್ಜೆ ಇದೇ.

ಒಂದು ಏಪ್ರಿಲ್ ಸಂಜೆ ನಾನೂ ಇದೇ ತಪ್ಪು ಮಾಡಿದ್ದೆ. ಅಕ್ಕನ ಮಕ್ಕಳನ್ನು ಕರೆದುಕೊಂಡು ಹೂಡೆಗೆ ಹೋಗಿದ್ದೆ. ಆಕಾಶ ಶುಭ್ರ, ಗಾಳಿ ಹಿತ. ಎಡಕ್ಕೂ ಬಲಕ್ಕೂ ಅಲೆಗಳು ನೊರೆಯೆಬ್ಬಿಸುತ್ತಿದ್ದವು. ನಡುವೆ ಹತ್ತು ಹದಿನೈದು ಮಾರು ಅಗಲಕ್ಕೆ ಮಾತ್ರ ನೀರು ಕೆರೆಯಂತೆ ಶಾಂತವಾಗಿತ್ತು. "ಇಲ್ಲಿ ಅಲೆಯೇ ಇಲ್ಲ ಮಾಮ, ಇಲ್ಲೇ ಇಳಿಯೋಣ" ಎಂದ ದೊಡ್ಡ ಹುಡುಗ. ನನಗೂ ಅದು ಸರಿಯೆನಿಸಿತು. ಅಷ್ಟರಲ್ಲಿ ಕೈರಂಪಣಿ ಬಲೆಯ ಬಳಿ ಕುಳಿತಿದ್ದ ಹಿರಿಯ ಮೊಗವೀರರೊಬ್ಬರು ಎದ್ದು ಬಂದು, "ಅಲ್ಲಿ ಬೇಡ ಡಾಕ್ಟ್ರೇ, ಅಲ್ಲಿ ನೀರು ಹೊರಗೆ ಹೋಗ್ತಾ ಉಂಟು" ಎಂದರು. ನನ್ನ ಮುಖದಲ್ಲಿ ಅನುಮಾನ ಕಂಡಿರಬೇಕು. ಬಿದ್ದಿದ್ದ ಒಣ ತೆಂಗಿನ ಸಿಪ್ಪೆಯೊಂದನ್ನು ಎತ್ತಿ ಆ ಶಾಂತ ನೀರಿಗೆ ಎಸೆದರು. ಸಿಪ್ಪೆ ದಡಕ್ಕೆ ಬರಲಿಲ್ಲ. ನಾವು ನೋಡುತ್ತಿದ್ದಂತೆಯೇ ಅಲೆಗಳನ್ನು ದಾಟಿ ಪಶ್ಚಿಮಕ್ಕೆ ಸಾಗಿ ಕಣ್ಮರೆಯಾಯಿತು. ಆ ಸಿಪ್ಪೆಯ ಜಾಗದಲ್ಲಿ ಹನ್ನೆರಡು ವರ್ಷದ ಹುಡುಗನಿರುತ್ತಿದ್ದ.

ಮುಳುಗುವಿಕೆಗೆ ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆ ಬಹುಮಟ್ಟಿಗೆ ತಡವಾದ ಚಿಕಿತ್ಸೆ. ನಿಜವಾದ ಮದ್ದು ದಡದಲ್ಲೇ ಇದೆ. ಆದ್ದರಿಂದ ಈ ವಾರ ಮದ್ದುಮಾತ್ರೆಗಳ ವಿಷಯ ಬಿಟ್ಟು, ಕಡಲನ್ನು ಓದುವುದು ಹೇಗೆಂದು ನೋಡೋಣ.

ಎರಡು ಓದು ಬೇಕು

ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಯಂತಹ ಹಿಮದ ಊರುಗಳಲ್ಲಿ ಸ್ಕೀಯಿಂಗ್ ಆಡಲು ಹೋಗುವ ಅನುಭವಿಗಳು ಎರಡು ಸಂಗತಿಗಳನ್ನು ವಿಚಾರಿಸದೆ ಹೊರಡುವುದಿಲ್ಲ. ಒಂದು, ಹಿಮ ಎಷ್ಟು ಬೀಳಲಿದೆ ಎಂಬ ಮುನ್ಸೂಚನೆ. ಇನ್ನೊಂದು, ಈಗ ಆ ಇಳಿಜಾರು ಹೇಗಿದೆ ಎಂಬ ವರದಿ. ಬಿಸಿಲು ಹೊಳೆಯುತ್ತಿದ್ದರೂ ಹಿಂದಿನ ದಿನ ಬಿದ್ದ ಹಿಮ ಗಟ್ಟಿಯಾಗಿ ಕೂತಿಲ್ಲದಿದ್ದರೆ ಇಳಿಜಾರೇ ಕುಸಿದು ಬರಬಹುದು. ಆಕಾಶ ಒಳ್ಳೆಯದಿದ್ದ ಮಾತ್ರಕ್ಕೆ ನೆಲ ಒಳ್ಳೆಯದಾಗಿರಬೇಕಿಲ್ಲ ಎಂಬುದನ್ನು ಅವರು ಬಲ್ಲರು.

ಕಡಲ ವಿಷಯದಲ್ಲೂ ಇದೇ ನಿಯಮ. ಮುನ್ಸೂಚನೆ ವಿಶಾಲವಾದ ಕಡಲಿನ ಬಗ್ಗೆ ಹೇಳುತ್ತದೆ. ನಿಮ್ಮ ಕಾಲಡಿಯ ಹೊಯಿಗೆಯ ಇಳಿಜಾರಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದನ್ನು ದಡದಲ್ಲಿ ನಿಂತು ನೀವೇ ಓದಬೇಕು, ಇಲ್ಲವೇ ಓದಬಲ್ಲವರನ್ನು ಕೇಳಬೇಕು.

ಮುನ್ಸೂಚನೆಯನ್ನು ಓದುವುದು ಹೇಗೆ?

ಭಾರತ ಹವಾಮಾನ ಇಲಾಖೆ ಜಿಲ್ಲಾವಾರು ಎಚ್ಚರಿಕೆಯನ್ನು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣಗಳಲ್ಲಿ ಕೊಡುತ್ತದೆ. ಹಳದಿಯೆಂದರೆ ಗಮನವಿಡಿ, ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕ್ರಮ ಕೈಗೊಳ್ಳಿ ಎಂದರ್ಥ. 24 ಗಂಟೆಯಲ್ಲಿ 64.5 ಮಿಲಿಮೀಟರ್‌ಗಿಂತ ಹೆಚ್ಚು ಸುರಿದರೆ ಭಾರೀ ಮಳೆ, 115.6ರಿಂದ 204.4 ಮಿ.ಮೀ. ಆದರೆ ಅತಿ ಭಾರೀ, ಅದಕ್ಕೂ ಮೀರಿದರೆ ಅತ್ಯಂತ ಭಾರೀ ಮಳೆ ಎಂದು ಲೆಕ್ಕ. ಆದರೆ ನಾವು ಕೇಳುವ ಈ ಬಣ್ಣ ಹೆಚ್ಚಾಗಿ ಮಳೆ, ಗಾಳಿ, ಸಿಡಿಲಿಗೆ ಸಂಬಂಧಿಸಿದ್ದು. ಜಿಲ್ಲೆ ಹಸಿರಾಗಿದೆ ಎಂದರೆ ಕಡಲೂ ಹಸಿರು ಎಂದು ತಿಳಿಯಬಾರದು.

ಕಡಲಿನ ಸ್ಥಿತಿಯನ್ನು ಹೇಳುವ ಸಂಸ್ಥೆ ಬೇರೆ ಇದೆ. ಹೈದರಾಬಾದಿನಲ್ಲಿ 1999ರಲ್ಲಿ ಸ್ಥಾಪನೆಯಾದ ಭಾರತ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವನ್ನು ಎಲ್ಲರೂ ಇನ್‌ಕಾಯಿಸ್ ಎಂದೇ ಕರೆಯುತ್ತಾರೆ. ಅಲೆಯ ಎತ್ತರ, ಅಲೆ ಬರುವ ದಿಕ್ಕು, ಗಾಳಿ, ನೀರಿನ ಹರಿವು ಇವುಗಳ ಮುನ್ಸೂಚನೆಯನ್ನು ಅದು ನೀಡುತ್ತದೆ. ದೊಡ್ಡ ಅಲೆಗಳ ಎಚ್ಚರಿಕೆಯನ್ನು ಕರಾವಳಿಯ ಜಿಲ್ಲೆಗಳ ಹೆಸರು ಹಿಡಿದೇ ಪ್ರಕಟಿಸುತ್ತದೆ. ಈ ಸೂಚನೆಗಳಲ್ಲಿ ಮೂರು ಅಂಶಗಳನ್ನು ಅರ್ಥ ಮಾಡಿಕೊಂಡರೆ ಸಾಕು.

ಮೊದಲನೆಯದು ಅಲೆಯ ಎತ್ತರ. ಅಲೆಯ ಎತ್ತರ ಒಂದೂವರೆ ಮೀಟರ್ ಎಂದು ಬರೆದಿದ್ದರೆ ಎಲ್ಲ ಅಲೆಗಳೂ ಅಷ್ಟೇ ಇರುತ್ತವೆ ಎಂದಲ್ಲ. ಎಲ್ಲಕ್ಕಿಂತ ದೊಡ್ಡದಾದ ಮೂರನೆಯ ಒಂದು ಪಾಲು ಅಲೆಗಳ ಸರಾಸರಿ ಅದು. ಅಪರೂಪಕ್ಕೊಂದು ಅಲೆ ಅದರ ಇಮ್ಮಡಿಯ ಹತ್ತಿರಕ್ಕೂ ಏಳಬಹುದು. ಅರ್ಧ ಗಂಟೆ ಮೊಣಕಾಲಿನವರೆಗೆ ಬಂದ ನೀರು ಒಮ್ಮೆಗೇ ಎದೆಯವರೆಗೆ ಬರುವುದು ಹೀಗೆ.

ಎರಡನೆಯದು ಎರಡು ಅಲೆಗಳ ನಡುವಿನ ಸಮಯ. ಸ್ಥಳೀಯ ಗಾಳಿಯಿಂದ ಹುಟ್ಟಿದ ಅಲೆಗಳು ಐದಾರು ಸೆಕೆಂಡುಗಳಿಗೊಮ್ಮೆ ಬರುತ್ತವೆ. ಬಹುದೂರದಿಂದ ಬಂದ ಅಲೆಗಳ ನಡುವೆ ಹನ್ನೆರಡು ಸೆಕೆಂಡು, ಅದಕ್ಕೂ ಹೆಚ್ಚು ಅಂತರವಿರುತ್ತದೆ. ನೋಡಲು ಇವು ಸೌಮ್ಯ. ಒಳಗೆ ಶಕ್ತಿ ಹೆಚ್ಚು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ, ಕೆಲವು ದಿನಗಳ ಅನಂತರ ನಮ್ಮ ತೀರಕ್ಕೆ ಅಪ್ಪಳಿಸುತ್ತವೆ. ಆಗ ಇಲ್ಲಿ ಮಳೆಯೂ ಇಲ್ಲ, ಗಾಳಿಯೂ ಇಲ್ಲ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳನಂತೆ ಸುಳಿವು ಕೊಡದೆ ಬರುವ ಕಡಲು! ಮುಂಗಾರಿಗೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಇದು ಹೆಚ್ಚು. ನಮ್ಮ ಮಕ್ಕಳ ರಜೆಯೂ ಆಗಲೇ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಕಡಲ ತೀರವೊಂದರಲ್ಲಿ ಐವರು ವೈದ್ಯ ವಿದ್ಯಾರ್ಥಿಗಳು ನೀರುಪಾಲಾದರು. ಆ ದಿನಗಳಲ್ಲಿ ದಕ್ಷಿಣದ ತೀರಗಳಿಗೆ ಇಂತಹ ಅಲೆಗಳ ಎಚ್ಚರಿಕೆ ಹೊರಬಿದ್ದಿತ್ತು.

ಮೂರನೆಯದು ಉಬ್ಬರ ಇಳಿತದ ಹೊತ್ತು. ನಮ್ಮ ತೀರದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಇದು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಆದ್ದರಿಂದ ನಿನ್ನೆ ಐದು ಗಂಟೆಗೆ ಕಂಡ ಕಡಲು ಇಂದು ಐದು ಗಂಟೆಗೆ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಮನೆಯ ಗೋಡೆಯ ಪಂಚಾಂಗವೂ ಹೀಗೆ ಕಡಲಿನ ಮುನ್ಸೂಚನೆಯೇ.

ದಡವನ್ನು ಓದುವುದು ಹೇಗೆ?

ದಡ ತಲುಪಿದೊಡನೆ ನೀರಿಗೆ ಓಡಬೇಡಿ. ಸ್ವಲ್ಪ ಎತ್ತರದ ಜಾಗದಲ್ಲಿ ನಿಂತು ಹತ್ತು ನಿಮಿಷ ಕಡಲನ್ನು ನೋಡಿ. ಮಕ್ಕಳಿಗೂ ಇದೊಂದು ಆಟವಾಗಲಿ.

ಅಲೆಗಳು ತಂದು ಸುರಿದ ನೀರು ಹಿಂದಕ್ಕೆ ಹೋಗಲೇಬೇಕಲ್ಲ? ನೀರಿನಡಿಯ ಮರಳದಿಬ್ಬಗಳ ನಡುವೆ ತಗ್ಗಿದ್ದಲ್ಲಿ ಆ ನೀರೆಲ್ಲ ಒಟ್ಟುಗೂಡಿ ತೋಡಿನಂತೆ ಹೊರಕ್ಕೆ ಹರಿಯುತ್ತದೆ. ಇದೇ ಸೆಳೆತ. ತಗ್ಗಿನಲ್ಲಿ ಆಳ ಹೆಚ್ಚಾದ್ದರಿಂದ ಅಲೆ ಮುರಿಯುವುದಿಲ್ಲ. ಹಾಗಾಗಿ ಮೇಲ್ನೋಟಕ್ಕೆ ಅದೇ ಸುರಕ್ಷಿತ ಜಾಗವೆಂದು ತೋರುತ್ತದೆ. ನನ್ನನ್ನೂ ಮಕ್ಕಳನ್ನೂ ಮೋಸಗೊಳಿಸಿದ್ದು ಈ ಶಾಂತಿಯೇ. ಅಲೆಗಳ ಸಾಲಿನ ನಡುವೆ ನೊರೆಯಿಲ್ಲದ ಕಿಂಡಿ, ಸುತ್ತಲಿಗಿಂತ ಕಪ್ಪಾದ ಅಥವಾ ಮರಳು ಕದಡಿದ ನೀರು, ಹೊರಕ್ಕೆ ಸಾಗುವ ನೊರೆ ಅಥವಾ ಕಸಕಡ್ಡಿ ಇವು ಅದರ ಗುರುತುಗಳು. ಸಂಶಯವಿದ್ದರೆ ತೆಂಗಿನ ಸಿಪ್ಪೆಯ ಪರೀಕ್ಷೆ ಮಾಡಿ ನೋಡಿ. ಬಲವಾದ ಸೆಳೆತ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲೂ ಹರಿಯಬಲ್ಲದು. ಪಳಗಿದ ಈಜುಗಾರನೂ ಅದಕ್ಕೆ ಎದುರಾಗಿ ಹೆಚ್ಚು ಹೊತ್ತು ಈಜಲಾರ.

ಇನ್ನು ದಡದ ಇಳಿಜಾರು. ಹೊಯಿಗೆ ಕಡಿದಾಗಿ ಇಳಿದಿರುವ ಕಡೆ ಅಲೆ ದಡದ ಬುಡದಲ್ಲೇ ಎದ್ದು ಬಡಿಯುತ್ತದೆ. ನಾಲ್ಕು ಹೆಜ್ಜೆ ಇಟ್ಟರೆ ಕುತ್ತಿಗೆಯವರೆಗೆ ನೀರು. ಹಿಂದೆ ಸರಿಯುವ ನೀರು ಕಾಲಡಿಯ ಮರಳನ್ನೇ ಎಳೆದೊಯ್ಯುತ್ತದೆ. ಇಂತಹ ಕಡೆ ಅಲೆಗೆ ತಲೆಯೊಡ್ಡಿ ಹಾರುವುದು, ತಲೆಕೆಳಗಾಗಿ ಧುಮುಕುವುದು ಅತ್ಯಂತ ಅಪಾಯಕರ. ನೆತ್ತಿ ನೆಲಕ್ಕೆ ಬಡಿದು ಕುತ್ತಿಗೆಯ ಮೂಳೆ ಮುರಿದರೆ, ಕೈಕಾಲುಗಳ ಸ್ವಾಧೀನವೇ ಶಾಶ್ವತವಾಗಿ ತಪ್ಪಬಹುದು. ದಡ ಮೆಲ್ಲಗೆ ಇಳಿದಿರುವ ಕಡೆ ಅಲೆಗಳು ದೂರದಿಂದಲೇ ನೊರೆಯಾಗಿ ಬರುತ್ತವೆ. ಚಿಕ್ಕವರಿಗೆ ಇದು ವಾಸಿ. ಆದರೆ ಮರಳದಿಬ್ಬ, ಸೆಳೆತಗಳು ಇಂತಹ ದಡಗಳಲ್ಲಿಯೇ ಹೆಚ್ಚೆಂಬುದನ್ನು ಮರೆಯಬಾರದು.

ಈ ಇಳಿಜಾರು ವರ್ಷವಿಡೀ ಒಂದೇ ರೀತಿ ಇರುವುದಿಲ್ಲ. ಬೇಸಿಗೆಯಲ್ಲಿ ನಮ್ಮ ತೀರದ ಅಲೆಗಳು ಒಂದು ಮೀಟರಿನ ಆಸುಪಾಸು. ಮುಂಗಾರಿನಲ್ಲಿ ಮೂರು ಮೀಟರನ್ನೂ ಮೀರುವುದುಂಟು. ಆ ಅಲೆಗಳು ದಡದ ಮರಳನ್ನು ಕಡಲಿಗೆ ಎಳೆದು ದಿಬ್ಬ ಕಟ್ಟುತ್ತವೆ. ಮಳೆಗಾಲ ಕಳೆದ ಮೇಲೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಹಿಂತಿರುಗುತ್ತದೆ. ಆದ್ದರಿಂದ ದಸರಾ ರಜೆಯಲ್ಲಿ ಬಂದವರಿಗೆ ಕಳೆದ ಬೇಸಿಗೆಯಲ್ಲಿ ಕಂಡ ದಡ ಸಿಗುವುದಿಲ್ಲ. "ಹೋದ ವರ್ಷ ಇಲ್ಲೇ ಆಡಿದ್ದೆವು" ಎಂಬ ಮಾತಿಗೆ ಕಡಲಿನಲ್ಲಿ ಬೆಲೆಯಿಲ್ಲ.

ಅಳಿವೆಯ ಮಾತೇ ಬೇರೆ

ಕೋಡಿಬೆಂಗ್ರೆಯಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಸ್ವರ್ಣಾ, ಸೀತಾ ನದಿಗಳು ಇಲ್ಲಿ ಸಮುದ್ರ ಸೇರುತ್ತವೆ. ನೋಡಲು ಇದಕ್ಕಿಂತ ಚಂದದ ಜಾಗವಿಲ್ಲ. ಇಳಿಯಲು ಮಾತ್ರ ಇದು ತಕ್ಕ ಜಾಗವಲ್ಲ. ಇಳಿತದ ಹೊತ್ತಿನಲ್ಲಿ ಹೊಳೆಯಲ್ಲಿ ತುಂಬಿದ್ದ ನೀರೆಲ್ಲ ಕಿರಿದಾದ ಬಾಯಿಯಿಂದ ಕಡಲಿಗೆ ನುಗ್ಗುತ್ತದೆ. ಕಾರ್ಕಳದ ಮೇಲಿನ ಘಟ್ಟದಲ್ಲೋ ಆಗುಂಬೆಯ ಕಡೆಯೋ ಮಳೆಯಾಗಿದ್ದರೆ, ಕೆಮ್ಮಣ್ಣಿನಲ್ಲಿ ಬಿಸಿಲಿದ್ದರೂ ಈ ಹರಿವಿನ ರಭಸ ಹೆಚ್ಚುತ್ತದೆ. ಹೊರಹೋಗುವ ನೀರು, ಒಳಬರುವ ಅಲೆ ಎರಡೂ ಡಿಕ್ಕಿ ಹೊಡೆಯುವ ಜಾಗವಿದು. ನೀರಿನಡಿಯ ಮರಳು ದಿನದಿನಕ್ಕೂ ಜಾಗ ಬದಲಿಸುತ್ತದೆ. ಅಳಿವೆಯಲ್ಲಿ ಈಜಬಾರದು ಎಂಬುದಕ್ಕೆ ವಿನಾಯಿತಿಯೇ ಇಲ್ಲ.

ಬಾವುಟಕ್ಕೆ ಬೆಲೆ ಕೊಡಿ

ಜೀವರಕ್ಷಕರಿರುವ ಕಡೆ ಮಾತ್ರ ನೀರಿಗಿಳಿಯುವುದು ಉತ್ತಮ. 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿಯ ತೀರ ನಮ್ಮ ಜಿಲ್ಲೆಯಲ್ಲೇ ಇದೆ. ಮೇಲೆ ಕೆಂಪು, ಕೆಳಗೆ ಹಳದಿ ಬಣ್ಣದ ಎರಡು ಬಾವುಟಗಳ ನಡುವಿನ ಜಾಗ ಜೀವರಕ್ಷಕರ ಕಣ್ಗಾವಲಿನಲ್ಲಿದೆ ಎಂದರ್ಥ. ಕೆಂಪು ಬಾವುಟವೊಂದೇ ಇದ್ದರೆ ನೀರಿಗಿಳಿಯಬೇಡಿ. ಮಳೆಗಾಲದಲ್ಲಿ ಮಲ್ಪೆಯ ದಡಕ್ಕೆ ಬಲೆಯ ಬೇಲಿ ಕಟ್ಟುವುದು, ಸೈಂಟ್ ಮೇರೀಸ್ ದ್ವೀಪಕ್ಕೆ ದೋಣಿ ನಿಲ್ಲಿಸುವುದು ಯಾರ ಸಂತೋಷವನ್ನೂ ಕೆಡಿಸಲಿಕ್ಕಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದು ಮುಖ್ಯವಾಗಿ ಮೀನಿನ ಸಂತಾನಕ್ಕಾಗಿ. ಆದರೆ ಕಡಲನ್ನೇ ನಂಬಿ ಬದುಕುವವರು ದೋಣಿಗಳನ್ನು ದಡಕ್ಕೇರಿಸಿರುವಾಗ ನಾವು ಮೋಜಿಗೆ ಇಳಿಯುವುದರಲ್ಲಿ ಅರ್ಥವೇನಿದೆ?

ಹಾಗೆಂದು ಮಳೆಗಾಲ ಮುಗಿದರೆ ಅಪಾಯ ಮುಗಿಯಿತೆಂದಲ್ಲ. ಸೈಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಮುಳುಗಿದ್ದು 2022ರ ಏಪ್ರಿಲ್‌ನಲ್ಲಿ. ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಅಸುನೀಗಿದ್ದು 2024ರ ಡಿಸೆಂಬರ್‌ನಲ್ಲಿ. ಎರಡೂ ಮಳೆಗಾಲವಲ್ಲ.

ಸೆಳೆತಕ್ಕೆ ಸಿಕ್ಕಿದರೆ

ಸೆಳೆತ ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗಿಸುವುದು ಗಾಬರಿ ಮತ್ತು ಸುಸ್ತು. ಆದ್ದರಿಂದ ಮೊದಲು ಅಂಗಾತ ತೇಲಿ ಉಸಿರು ಹಿಡಿತಕ್ಕೆ ತಂದುಕೊಳ್ಳಿ. ಒಂದು ಕೈ ಎತ್ತಿ ಸಹಾಯಕ್ಕೆ ಸನ್ನೆ ಮಾಡಿ. ದಡದತ್ತ ನೇರವಾಗಿ ಈಜಬೇಡಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ, ಅಲೆಗಳು ನೊರೆಯಾಗುತ್ತಿರುವ ಜಾಗ ಸೇರಿದರೆ ಆ ಅಲೆಗಳೇ ದಡದ ಕಡೆಗೆ ತಳ್ಳುತ್ತವೆ. ಸೆಳೆತದ ಅಗಲ ಸಾಮಾನ್ಯವಾಗಿ ಕೆಲವು ಹತ್ತು ಮೀಟರುಗಳಷ್ಟೇ. ಈಜು ಬಾರದವರು ತೇಲುವುದರಲ್ಲಷ್ಟೇ ಶಕ್ತಿ ವ್ಯಯಿಸಲಿ.

ದಡದಲ್ಲಿರುವವರಿಗೊಂದು ಮಾತು. ಮುಳುಗುವವರನ್ನು ಉಳಿಸಲು ಧುಮುಕಿದವರೇ ಮುಳುಗಿದ ಉದಾಹರಣೆಗಳು ಬೇಕಾದಷ್ಟಿವೆ. ಹಗ್ಗ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಥರ್ಮೋಕೋಲ್ ಪೆಟ್ಟಿಗೆ ಹೀಗೆ ತೇಲುವ ಏನನ್ನಾದರೂ ಎಸೆಯಿರಿ. ಜೀವರಕ್ಷಕರನ್ನು, ಮೀನುಗಾರರನ್ನು ಕೂಗಿ ಕರೆಯಿರಿ. 112ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಕರೆ ಮಾಡಿ.

ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕಿರುಚುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಉಸಿರಿಗೇ ಹೆಣಗುವವರಿಗೆ ಕೂಗಲು ಉಸಿರೆಲ್ಲಿ? ಒಂದು ನಿಮಿಷದೊಳಗೆ ಸದ್ದಿಲ್ಲದೆ ಎಲ್ಲ ಮುಗಿದುಹೋಗಬಹುದು. ಆದ್ದರಿಂದ ಚಿಕ್ಕ ಮಕ್ಕಳು ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲೇ ಇರಬೇಕು. ಕಾಯುವ ಹಿರಿಯರ ಕಣ್ಣು ಮೊಬೈಲಿನ ಮೇಲಿರಬಾರದು. ಗಾಳಿ ತುಂಬಿದ ಟ್ಯೂಬು ಆಟಿಕೆಯೇ ಹೊರತು ರಕ್ಷಣೆಯಲ್ಲ.

ಪ್ರಥಮ ಚಿಕಿತ್ಸೆ

ಮೇಲಕ್ಕೆತ್ತಿದವರಿಗೆ ಪ್ರಜ್ಞೆಯಿಲ್ಲ, ಸರಿಯಾದ ಉಸಿರಾಟವಿಲ್ಲ ಎಂದಾದರೆ ಒಂದು ಕ್ಷಣವೂ ಕಾಯಬಾರದು. ಆಮ್ಲಜನಕವಿಲ್ಲದೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗೆ ಹಿಡಿದು ತಿರುಗಿಸುವುದು ಬೇಡವೇ ಬೇಡ. ಇದರಿಂದ ಅಮೂಲ್ಯ ಸಮಯ ಹಾಳು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುವ ಅಪಾಯವೂ ಇದೆ.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಗಲ್ಲವನ್ನೆತ್ತಿ ಬಾಯಿಗೆ ಬಾಯಿಟ್ಟು, ಮೂಗು ಮುಚ್ಚಿ ಮೊದಲು ಉಸಿರು ಕೊಡಿ. ಮುಳುಗಿದವರಲ್ಲಿ ಮೊದಲು ನಿಂತದ್ದು ಉಸಿರು. ಆದ್ದರಿಂದ ಮೊದಲು ಬೇಕಾದದ್ದೂ ಉಸಿರೇ. ಅನಂತರ ಎದೆಯ ನಡುವೆ ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ವಯಸ್ಕರಾದರೆ ಐದರಿಂದ ಆರು ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ. ಮೂವತ್ತು ಬಾರಿ ಒತ್ತಿ, ಎರಡು ಬಾರಿ ಉಸಿರು ಕೊಡಿ. ಉಸಿರಾಟ ಮರಳುವವರೆಗೆ ಅಥವಾ ನೆರವು ಬರುವವರೆಗೆ ನಿಲ್ಲಿಸಬೇಡಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ವಾಂತಿಯಾದರೆ ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿ ಮುಂದುವರಿಸಿ. ಪ್ರಜ್ಞೆಯಿಲ್ಲದಿದ್ದರೂ ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ, ಒದ್ದೆ ಬಟ್ಟೆ ತೆಗೆದು ಬೆಚ್ಚಗಿಡಿ. ತಲೆಕೆಳಗಾಗಿ ಬಿದ್ದವರ ಕುತ್ತಿಗೆಯನ್ನು ಅಲುಗಿಸದೆ, ತಲೆ ಮೈ ಒಂದೇ ನೇರಕ್ಕಿರುವಂತೆ ಎತ್ತಿ.

ಎದ್ದು ಕುಳಿತು ಮಾತಾಡಿದರೆ ಸಾಕೆಂದು ಮನೆಗೆ ಕರೆದೊಯ್ಯಬೇಡಿ. ಮುಳುಗಿ ಬದುಕಿದವರಲ್ಲಿ ಕೆಮ್ಮು, ಏದುಸಿರು ಕೆಲವು ಗಂಟೆಗಳಲ್ಲಿ ಉಲ್ಬಣಿಸಬಹುದು. ಅವರನ್ನು ಅದೇ ದಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿ ನಿಗಾದಲ್ಲಿಡುವುದು ಅಗತ್ಯ.

ಕೊನೆಯದಾಗಿ, ಮದ್ಯ ಸೇವಿಸಿದವರು ನೀರಿನ ಹತ್ತಿರ ಸುಳಿಯಬಾರದು. ಮೂರ್ಛೆರೋಗವಿರುವವರು ಔಷಧಿ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದರೂ ಒಬ್ಬರೇ ಇಳಿಯಬಾರದು. ಹೃದ್ರೋಗಿಗಳು ತಮ್ಮ ವೈದ್ಯರನ್ನು ಕೇಳಿಯೇ ಈಜಬೇಕು.

ಅಂದು ಹೂಡೆಯಿಂದ ನಾವು ನಿರಾಶರಾಗಿ ಮರಳಲಿಲ್ಲ. ಆ ಹಿರಿಯರು ತೋರಿಸಿದ ಜಾಗದಲ್ಲಿ ಮಕ್ಕಳು ಮೊಣಕಾಲು ನೀರಿನಲ್ಲಿ ಆಡಿದರು, ಹೊಯಿಗೆಯಲ್ಲಿ ಮನೆ ಕಟ್ಟಿದರು, ಕತ್ತಲಾಗುವ ಮುನ್ನ ಹಸಿದು ಮನೆಗೆ ಬಂದರು. ಮುಂದಿನ ಬಾರಿ ನಿಮ್ಮ ಮನೆಗೆ ನೆಂಟರು ಬಂದಾಗ ಮಳೆ ಇದೆಯೇ ಎಂದಷ್ಟೇ ನೋಡಬೇಡಿ. ಕಡಲಿನ ಮುನ್ಸೂಚನೆ ಏನಿದೆ, ಇಳಿತ ಎಷ್ಟು ಹೊತ್ತಿಗೆ ಎಂಬುದನ್ನು ಮನೆಯಲ್ಲೇ ತಿಳಿದುಕೊಳ್ಳಿ. ದಡದಲ್ಲಿ ಹತ್ತು ನಿಮಿಷ ನಿಲ್ಲಿ. ಅಲ್ಲಿ ಬಲೆ ಸರಿಪಡಿಸುತ್ತಾ ಕುಳಿತವರಿದ್ದರೆ, "ಅಣ್ಣ, ಇವತ್ತು ನೀರು ಹೇಗುಂಟು?" ಎಂದೊಂದು ಮಾತು ಕೇಳಿ. ಅವರು ಬೇಡವೆಂದರೆ ಬೇಡ.